ಸೆಕ್ಷನ್ ಬಿಡಿಸಲು ಕಲಿಯುವುದು ಹೇಗೆ: ಕಾಗದವೋ, ಕ್ಯಾಡೋ, ಸ್ಕೆಚ್‌ಅಪ್ಪೋ?

ತೀರ್ಥಹಳ್ಳಿ ಹತ್ತಿರದ ಒಂದು ಹಳೆ ಮನೆ. ಮೆತ್ತಿನ, ಅಂದರೆ ಮಹಡಿಯ ಮೇಲಿನ ಕೋಣೆಯನ್ನು ಮಗಳಿಗೆ ಮಲಗುವ ಕೋಣೆ ಮಾಡಿಕೊಡಿ ಅಂತ ಮನೆಯವರು ಕೇಳಿದ್ದರು. ನಾನು ಒಳಾಂಗಣ ವಿನ್ಯಾಸದ ಕೆಲಸ ಶುರು ಮಾಡಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಪ್ಲ್ಯಾನ್ ಬಿಡಿಸಿದೆ. ಉದ್ದದ ಗೋಡೆಗೆ ಏಳಡಿ ಎತ್ತರದ ವಾರ್ಡ್‌ರೋಬ್ ಕೂರಿಸಿದೆ. ಕೋಣೆಯ ನಡುವೆ ನಿಂತು ನೋಡಿದಾಗ ಎತ್ತರ ಒಂಬತ್ತಡಿ ಇತ್ತು, ಹಾಗಾಗಿ ಎಲಿವೇಶನ್‌ನಲ್ಲೂ (ಗೋಡೆಯನ್ನು ಎದುರಿನಿಂದ ನೋಡಿದ ಚಿತ್ರ) ಗೋಡೆ ಒಂಬತ್ತಡಿ ಅಂತಲೇ ಹಿಡಿದೆ. ಮರಗೆಲಸದ ಆಚಾರ್ರು ಹಾಳೆ ನೋಡಿದರು. ಮೆತ್ತು ಹತ್ತಿದರು. ಗೋಡೆಗೆ ಟೇಪ್ ಹಿಡಿದರು.

"ತಂಗಿ, ಇಲ್ಲಿ ನೆಲದಿಂದ ಪಕಾಸಿಗೆ ನಾಲ್ಕೂವರೆ ಅಡಿ. ಏಳಡಿ ಕಪಾಟು ಹೆಂಗೆ ನಿಲ್ತದೆ?"

ಪಕಾಸು ಅಂದರೆ ಹೆಂಚನ್ನು ಹೊರುವ ಇಳಿಜಾರು ಮರ. ಹೆಂಚಿನ ಮಾಡು ಇಳಿಜಾರಾಗಿ ಗೋಡೆಯ ಕಡೆ ಬರುತ್ತದೆ ಅನ್ನುವುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಹುಟ್ಟಿ ಬೆಳೆದಿದ್ದೇ ಅಂಥ ಮನೆಯಲ್ಲಿ. ಆದರೆ ನಾನು ಬಿಡಿಸಿದ ಎರಡು ಹಾಳೆಗಳಲ್ಲಿ ಆ ಇಳಿಜಾರು ಕಾಣುವ ಜಾಗವೇ ಇರಲಿಲ್ಲ. ಕೋಣೆಯನ್ನು ಅಡ್ಡಕ್ಕೆ ಕತ್ತರಿಸಿ ಒಂದು ಸೆಕ್ಷನ್ ಬಿಡಿಸಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಅಲ್ಲಿ ಒಂದಡಿ ಒಳಕ್ಕೆ ಬಂದರೆ ಮಾಡು ಸುಮಾರು ಏಳು ಇಂಚು ಮೇಲೇರುತ್ತಿತ್ತು. ಏಳಡಿ ಎತ್ತರ ಬೇಕಾದರೆ ಗೋಡೆ ಬಿಟ್ಟು ನಾಲ್ಕಡಿಗಿಂತ ಜಾಸ್ತಿ ಈಚೆ ಬರಬೇಕಿತ್ತು.

ಈಗ ಶಿವಮೊಗ್ಗದ ಸುತ್ತಮುತ್ತ ಈ ಕೆಲಸ ಕಲಿಯುವ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಸೆಕ್ಷನ್ ಕಲಿಯಬೇಕು, ಯಾವುದರಲ್ಲಿ ಕಲಿಯಲಿ? ಕೈಯಲ್ಲೋ, ಆಟೋಕ್ಯಾಡ್‌ನಲ್ಲೋ, ಸ್ಕೆಚ್‌ಅಪ್‌ನಲ್ಲೋ? (ಕೊನೆಯ ಎರಡೂ ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಬಿಡಿಸುವ ಸಾಫ್ಟ್‌ವೇರ್. ಆಟೋಕ್ಯಾಡ್ ಥರದ್ದನ್ನು ಚಿಕ್ಕದಾಗಿ ಕ್ಯಾಡ್ ಅನ್ನುತ್ತೇವೆ.) ಮೂರರಲ್ಲೂ ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ. ನನಗೆ ಕಂಡಿದ್ದನ್ನು ಹೇಳುತ್ತೇನೆ.

ಮೊದಲು, ಕಲಿಯಬೇಕಾದ್ದು ಏನು?

ಹಲಸಿನ ಹಣ್ಣು ನೆನಪು ಮಾಡಿಕೊಳ್ಳಿ. ಹೊರಗಿನಿಂದ ನೋಡಿದರೆ ಬರೀ ಮುಳ್ಳು. ಅದು ಎಲಿವೇಶನ್. ಉದ್ದಕ್ಕೆ ಕೊಯ್ದರೆ ಸಿಪ್ಪೆ ಎಷ್ಟು ದಪ್ಪ, ತೊಳೆ ಎಲ್ಲಿ, ಬೀಜ ಎಲ್ಲಿ, ನಡುವಿನ ಗೂಂಜು ಎಷ್ಟು ಅಂತ ಎಲ್ಲ ಕಾಣುತ್ತದೆ. ಅದು ಸೆಕ್ಷನ್. ಕನ್ನಡದಲ್ಲಿ ಸೀಳುನೋಟ ಅನ್ನಬಹುದು. ಆದರೆ ಸೈಟಿನಲ್ಲಿ ಮೇಸ್ತ್ರಿಯಿಂದ ಹಿಡಿದು ಇಂಜಿನಿಯರ್ ತನಕ ಎಲ್ಲರೂ ಸೆಕ್ಷನ್ ಅಂತಲೇ ಅನ್ನುತ್ತಾರೆ. ನಾನೂ ಹಾಗೇ ಹೇಳುತ್ತೇನೆ.

ತುಂಬಾ ಜನರಿಗೆ ಹೊಳೆಯದ ಒಂದು ವಿಷಯ ಇದೆ. ಪ್ಲ್ಯಾನ್ ಕೂಡ ಒಂದು ಸೆಕ್ಷನ್ನೇ. ನೆಲದಿಂದ ಸುಮಾರು ನಾಲ್ಕಡಿ, ಅಂದರೆ 1.2 ಮೀಟರ್ ಎತ್ತರದಲ್ಲಿ ಮನೆಯನ್ನು ಅಡ್ಡಡ್ಡ ಕೊಯ್ದು ಮೇಲಿನಿಂದ ನೋಡಿದ್ದು. ಅದಕ್ಕೇ ಪ್ಲ್ಯಾನ್‌ನಲ್ಲಿ ಕಿಟಕಿ ಕಾಣುತ್ತದೆ, ಅಟ್ಟ ಕಾಣುವುದಿಲ್ಲ. ಇದು ತಲೆಗೆ ಹೋದರೆ ಸೆಕ್ಷನ್ ಅರ್ಧ ಬಂದ ಹಾಗೆ.

ಉಳಿದಿದ್ದು ಎರಡು ಕೆಲಸ. ಒಂದು, ಎಲ್ಲಿ ಕತ್ತರಿಸಬೇಕು ಅಂತ ನಿರ್ಧಾರ ಮಾಡುವುದು. ಪ್ಲ್ಯಾನ್ ಮೇಲೆ ಒಂದು ಗೆರೆ ಎಳೆದು, ಎರಡೂ ತುದಿಗೆ 'ಎ' ಅಂತ ಬರೆದು, ಯಾವ ಕಡೆ ನೋಡುತ್ತಿದ್ದೇವೆ ಅಂತ ಬಾಣ ಹಾಕುವುದು. ಕಿಟಕಿ, ಬಾಗಿಲು, ಮೆಟ್ಟಿಲು, ಅಟ್ಟ ಇರುವ ಕಡೆ ಕತ್ತರಿಸಬೇಕು. ಎಲ್ಲಿ ತಾಪತ್ರಯ ಬರಬಹುದು ಅನ್ನಿಸುತ್ತದೋ ಅಲ್ಲೇ ಕತ್ತರಿಸಬೇಕು. ಗೆರೆ ನೇರವಾಗಿಯೇ ಹೋಗಬೇಕು ಅಂತಿಲ್ಲ. ಕಿಟಕಿ ಪಕ್ಕಕ್ಕೆ ಉಳಿದರೆ ಗೆರೆಯನ್ನು ಒಂದು ಮೆಟ್ಟಿಲಿನ ಹಾಗೆ ತಿರುಗಿಸಿ ಕಿಟಕಿಯನ್ನೂ ಒಳಗೆ ಸೇರಿಸಿಕೊಳ್ಳಬಹುದು. ಕಂಬದ ನಡುವೆ ಮಾತ್ರ ಗೆರೆ ಹಾಯಿಸಬೇಡಿ. ಕಂಬ ಗೋಡೆಯ ಹಾಗೆ ಕಂಡು ನೋಡುವವರಿಗೆ ಗೊಂದಲ ಆಗುತ್ತದೆ.

ಎರಡು, ಗೆರೆಯ ದಪ್ಪ. ಕತ್ತರಿ ತಾಗಿದ್ದು ದಪ್ಪ ಗೆರೆ. ಅದರ ಹಿಂದೆ ಹತ್ತಿರ ಕಾಣುವುದು ಮಧ್ಯಮ. ದೂರದ್ದು ಸಣ್ಣ ಗೆರೆ. ಇಷ್ಟು ಮಾಡಿದರೆ ಹಾಳೆಗೆ ಆಳ ಬರುತ್ತದೆ. ಎಲ್ಲ ಗೆರೆ ಒಂದೇ ದಪ್ಪ ಇದ್ದರೆ ಗೋಡೆ ಯಾವುದು, ಗಾಳಿ ಯಾವುದು ಅಂತ ತಿಳಿಯುವುದೇ ಇಲ್ಲ.

ಈ ಎರಡನ್ನು ಯಾವ ದಾರಿ ಚೆನ್ನಾಗಿ ಕಲಿಸುತ್ತದೆ ಅನ್ನುವುದರ ಮೇಲೇ ನಾನು ಮೂರನ್ನೂ ತೂಗಿ ನೋಡುತ್ತೇನೆ.

ಕಾಗದ, ಪೆನ್ಸಿಲ್ ಮತ್ತು ನಿಮ್ಮದೇ ಮನೆ

ಖರ್ಚು ತುಂಬಾ ಕಡಿಮೆ. ಐದು ಮೀಟರ್ ಟೇಪ್, ಸ್ಕೇಲ್, ಎರಡು ಮೂಲೆಮಟ್ಟ, 2ಎಚ್ ಮತ್ತು ಎಚ್‌ಬಿ ಪೆನ್ಸಿಲ್, ಎ3 ಹಾಳೆ. ಇಷ್ಟೇ. ಶಿವಮೊಗ್ಗದ ಗಾಂಧಿ ಬಜಾರಿಗೆ ಒಂದು ಸಲ ಹೋಗಿ ಬಂದರೆ ಮುಗಿಯಿತು.

ಅಳೆಯಲು ಸಿಕ್ಕಿರುವ ಮನೆ ಮಲೆನಾಡಿನ ಹಳೆ ಮನೆಯಾದರೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಜಗಲಿ ಒಂದು ಎತ್ತರದಲ್ಲಿ, ನಡುಮನೆ ಇನ್ನೊಂದು ಎತ್ತರದಲ್ಲಿ, ಅಂಗಳ ತಗ್ಗಿನಲ್ಲಿ, ಬಚ್ಚಲು ಇನ್ನೂ ತಗ್ಗಿನಲ್ಲಿ. ಮೇಲೆ ಅಟ್ಟ, ಅದರ ಮೇಲೆ ಮಾಡು. ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪ ಇದ್ದರೂ ಆಶ್ಚರ್ಯ ಇಲ್ಲ. ಪ್ಲ್ಯಾನ್ ನೋಡಿದರೆ ಇದೆಲ್ಲ ಒಂದೇ ಮಟ್ಟದಲ್ಲಿ ಇರುವ ಹಾಗೆ ಕಾಣುತ್ತದೆ. ಸೆಕ್ಷನ್ ಬಿಡಿಸಿದಾಗ ಮಾತ್ರ ಮನೆಯ ನಿಜವಾದ ರೂಪ ಸಿಗುತ್ತದೆ.

ಮೊದಲು ನೆಲದ ಒಂದು ಜಾಗವನ್ನು ಸೊನ್ನೆ ಅಂತ ಇಟ್ಟುಕೊಳ್ಳಿ. ನಡುಮನೆಯ ನೆಲ ಇಟ್ಟುಕೊಂಡರೆ ಸುಲಭ. ಅಲ್ಲಿಂದ ಕಿಟಕಿಯ ಕೆಳಗಿನ ಕಟ್ಟೆ ಎಷ್ಟು, ಕಿಟಕಿಯ ತಲೆ ಎಷ್ಟು, ಜಂತೆ ಎಷ್ಟು, ಅಟ್ಟದ ಹಲಗೆ ಎಷ್ಟು ಅಂತ ಕೆಳಗಿನಿಂದ ಮೇಲಕ್ಕೆ ಬರೆದುಕೊಂಡು ಹೋಗಿ. ಪ್ರತಿ ಅಳತೆಯನ್ನೂ ಸೊನ್ನೆಯಿಂದಲೇ ಅಳೆಯಿರಿ. ತುಂಡು ತುಂಡಾಗಿ ಅಳೆದು ಕೂಡಿಸಿದರೆ ಕೊನೆಗೆ ಒಂದೆರಡು ಇಂಚು ವ್ಯತ್ಯಾಸ ಬಂದೇ ಬರುತ್ತದೆ. ಗೋಡೆಯ ದಪ್ಪ ಬಾಗಿಲ ಪಕ್ಕದಲ್ಲಿ ಸಿಗುತ್ತದೆ. ಹಳೆ ನೆಲ ಸಮ ಇದೆ ಅಂತ ನಂಬಬೇಡಿ. ಗಾರೆ ಕೆಲಸದವರ ಹತ್ತಿರ ನೀರು ತುಂಬಿದ ಪಾರದರ್ಶಕ ಪೈಪ್ ಇರುತ್ತದಲ್ವಾ, ಅದನ್ನು ಕೇಳಿ ತೆಗೆದುಕೊಳ್ಳಿ. ಎರಡು ತುದಿಯಲ್ಲಿ ನೀರು ನಿಂತ ಮಟ್ಟ ಯಾವತ್ತೂ ಒಂದೇ. ಅಲ್ಲಿಂದ ಕೆಳಕ್ಕೆ ಅಳೆದರೆ ನೆಲ ಎಷ್ಟು ವಾಲಿದೆ ಅಂತ ತಿಳಿಯುತ್ತದೆ.

ಮಾಡಿನ ಇಳಿಜಾರು ಅಳೆಯಲು ಎಲ್ಲರೂ ಹೆದರುತ್ತಾರೆ. ಹೆದರುವಂಥದ್ದು ಏನೂ ಇಲ್ಲ. ಒಂದು ಉದಾಹರಣೆ. ಕೋಣೆಯ ಅಗಲ 5 ಮೀಟರ್. ಗೋಡೆಯ ಹತ್ತಿರ ಎತ್ತರ 2.4 ಮೀಟರ್. ನಡುವೆ, ಮಾಡಿನ ನೆತ್ತಿಯ ಕೆಳಗೆ 3.9 ಮೀಟರ್. ಅಂದರೆ ಅರ್ಧ ಅಗಲ 2.5 ಮೀಟರ್ ಬರುವಷ್ಟರಲ್ಲಿ ಮಾಡು 1.5 ಮೀಟರ್ ಏರಿದೆ. 1:50 ಸ್ಕೇಲಿನಲ್ಲಿ, ಅಂದರೆ ನಿಜವಾದ ಅಳತೆಯ ಐವತ್ತರಲ್ಲಿ ಒಂದು ಪಾಲಿನಲ್ಲಿ, ಇದು ಅಡ್ಡಕ್ಕೆ 5 ಸೆಂ.ಮೀ., ಮೇಲಕ್ಕೆ 3 ಸೆಂ.ಮೀ. ಎರಡು ಚುಕ್ಕಿ ಇಟ್ಟು ಗೆರೆ ಎಳೆದರೆ ಮಾಡು ಬಂತು. ಸರಿ ಇದೆಯಾ ಅಂತ ನೋಡಲು ಪಕಾಸಿನ ಉದ್ದಕ್ಕೆ ಟೇಪ್ ಹಿಡಿಯಿರಿ. ಹತ್ತಿರ ಹತ್ತಿರ 2.9 ಮೀಟರ್ ಬರಬೇಕು. ಬರಲಿಲ್ಲ ಅಂದರೆ ಯಾವುದೋ ಅಳತೆ ತಪ್ಪಿದೆ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಕೈಯಲ್ಲಿ ಬಿಡಿಸುವುದರ ದೊಡ್ಡ ಲಾಭ ಏನೆಂದರೆ, ಅಳೆಯದೇ ಇದ್ದದ್ದನ್ನು ಬಿಡಿಸಲು ಆಗುವುದಿಲ್ಲ. ಪೆನ್ಸಿಲ್ ಅಲ್ಲೇ ನಿಲ್ಲುತ್ತದೆ. ಅಟ್ಟದ ಹಲಗೆ ಎಷ್ಟು ದಪ್ಪ? ಗೊತ್ತಿಲ್ಲ. ಎದ್ದು ಹೋಗಿ ಅಳೆಯಬೇಕು. ಗೆರೆಯ ದಪ್ಪವೂ ಕೈಗೇ ಅಭ್ಯಾಸ ಆಗುತ್ತದೆ. ಸ್ಕೇಲ್ ಬದಲಾದರೆ ಎಷ್ಟು ವಿವರ ತೋರಿಸಬೇಕು ಅನ್ನುವ ಅಂದಾಜೂ ಬರುತ್ತದೆ. ಇಡೀ ಮನೆಗೆ 1:50, ಒಂದು ಕೋಣೆ ಅಥವಾ ಅಡುಗೆಮನೆಗೆ 1:20, ಕಪಾಟಿನ ಮೂಲೆಗೆ 1:5. 3 ಮೀಟರ್ ಎತ್ತರದ ಕೋಣೆ 1:20ರಲ್ಲಿ 15 ಸೆಂ.ಮೀ. ಆಗುತ್ತದೆ, ಎ3 ಹಾಳೆಯಲ್ಲಿ ಆರಾಮಾಗಿ ಕೂರುತ್ತದೆ.

ಕಷ್ಟಗಳೂ ಇವೆ. ಒಂದು ಸೆಕ್ಷನ್‌ಗೆ ಇಡೀ ದಿನ ಹೋಗಬಹುದು. ಮನೆಯವರು ಕಿಟಕಿಯನ್ನು ಅರ್ಧ ಅಡಿ ಮೇಲೆ ಮಾಡಿ ಅಂದರೆ ಅಳಿಸಿ ಅಳಿಸಿ ಹಾಳೆ ಹರಿಯುತ್ತದೆ. ಜುಲೈ, ಆಗಸ್ಟ್ ತಿಂಗಳಲ್ಲಿ ನಮ್ಮ ಕಡೆ ಕಾಗದ ತಣ್ಣಗೆ ಮೆತ್ತಗಾಗಿ ಅಲೆ ಏಳುತ್ತದೆ, ಇಂಕ್ ಪೆನ್ ಇಟ್ಟರೆ ಹರಡುತ್ತದೆ. ಮುಚ್ಚಳ ಇರುವ ಪ್ಲಾಸ್ಟಿಕ್ ಕೊಳವೆಯಲ್ಲಿ ಸುತ್ತಿಟ್ಟುಕೊಳ್ಳಿ. ಮತ್ತೆ, ಕೈಯಲ್ಲಿ ಎಷ್ಟೇ ಚೆನ್ನಾಗಿ ಬಿಡಿಸಿದರೂ ಅದೊಂದರಿಂದಲೇ ಕೆಲಸ ಸಿಗುವುದು ಕಷ್ಟ. ಆಫೀಸಿನವರು ಮೊದಲು ಕೇಳುವುದು ಕ್ಯಾಡ್.

ಕ್ಯಾಡ್

ಆಟೋಕ್ಯಾಡ್ ಬಂದಿದ್ದು 1982ರಲ್ಲಿ. ಇವತ್ತಿಗೂ ಡ್ರಾಯಿಂಗ್ ಕೊಡು ಅಂದರೆ ಹೆಚ್ಚಿನವರು ಅದರ ಫೈಲನ್ನೇ ಕೇಳುತ್ತಾರೆ. ವಿದ್ಯಾರ್ಥಿಗಳಿಗೆ ಕಂಪನಿಯೇ ಉಚಿತವಾಗಿ ಕೊಡುತ್ತದೆ. ವಿದ್ಯಾರ್ಥಿ ಅಲ್ಲದವರು ಲಿಬ್ರೆಕ್ಯಾಡ್ ಹಾಕಿಕೊಳ್ಳಬಹುದು. ಅದು ಪೂರ್ತಿ ಉಚಿತ, ಹಳೆ ಕಂಪ್ಯೂಟರಿನಲ್ಲೂ ಓಡುತ್ತದೆ. ಸಪಾಟು ಡ್ರಾಯಿಂಗ್ ಕಲಿಯಲು ಅಷ್ಟು ಸಾಕು.

ಬದಲಾವಣೆ ಮಾಡುವುದು, ನಕಲು ತೆಗೆಯುವುದು, ಮಿಲಿಮೀಟರ್ ಲೆಕ್ಕದಲ್ಲಿ ಸರಿಯಾಗಿರುವುದು, ಇದರಲ್ಲಿ ಕ್ಯಾಡ್‌ಗೆ ಸಾಟಿ ಇಲ್ಲ. ಆದರೆ ಹೊಸಬರಿಗೆ ಇದರಲ್ಲಿ ಮೂರು ಹಳ್ಳಗಳಿವೆ, ಅದರಲ್ಲಿ ಬಿದ್ದವರನ್ನು ತುಂಬಾ ನೋಡಿದ್ದೇನೆ.

ಮೊದಲನೆಯದು, ಕ್ಯಾಡ್‌ನಲ್ಲಿ ಎಲ್ಲವನ್ನೂ ನಿಜವಾದ ಅಳತೆಯಲ್ಲೇ ಬಿಡಿಸುತ್ತೇವೆ. ಸ್ಕೇಲ್ ಬರುವುದು ಪ್ರಿಂಟ್ ತೆಗೆಯುವಾಗ. ಸ್ಕ್ರೀನ್ ಮೇಲೆ ಬೇಕಾದಷ್ಟು ದೊಡ್ಡದು ಮಾಡಿ ನೋಡಬಹುದು. ಹಾಗಾಗಿ ಹಿಡಿಕೆಯ ಸ್ಕ್ರೂ ತನಕ ಬಿಡಿಸುತ್ತಾ ಕೂರುತ್ತಾರೆ. ಪ್ರಿಂಟ್ ತೆಗೆದರೆ ಅಲ್ಲಿ ಕಪ್ಪು ಕಲೆ ಬಿದ್ದ ಹಾಗೆ ಕಾಣುತ್ತದೆ. ಎರಡನೆಯದು ಗೆರೆಯ ದಪ್ಪ. ಸ್ಕ್ರೀನ್ ಮೇಲೆ ಬಣ್ಣ ಬಣ್ಣದ ಗೆರೆ ಚಂದ ಕಾಣುತ್ತದೆ, ಹಾಳೆಗೆ ಇಳಿದಾಗ ಎಲ್ಲವೂ ಒಂದೇ ದಪ್ಪ. ಲೇಯರ್ (ಒಂದೊಂದು ಬಗೆಯ ಗೆರೆಗೆ ಒಂದೊಂದು ಪದರ) ಮಾಡುವಾಗಲೇ ಕತ್ತರಿಸಿದ್ದಕ್ಕೆ 0.5 ಮಿ.ಮೀ., ಹಿಂದೆ ಕಾಣುವುದಕ್ಕೆ 0.25, ದೂರದ್ದಕ್ಕೆ ಮತ್ತು ಹ್ಯಾಚ್‌ಗೆ (ಕತ್ತರಿಸಿದ ಭಾಗದೊಳಗೆ ತುಂಬುವ ಗೀಟುಗಳಿಗೆ) 0.13 ಅಂತ ಕೊಟ್ಟುಬಿಡಿ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಕ್ಯಾಡ್ ಏನನ್ನೂ ಕೇಳುವುದಿಲ್ಲ. ನಾಲ್ಕೂವರೆ ಅಡಿ ಗೋಡೆಗೆ ಏಳಡಿ ಕಪಾಟು ಹಾಕಿದರೂ ಸುಮ್ನೆ ಹಾಕಿಸಿಕೊಳ್ಳುತ್ತದೆ.

ಕೋರ್ಸ್ ಸೇರುವವರಿಗೆ ಒಂದು ಮಾತು. ನಾನು ಸೇರಿದ್ದ ಒಂದು ತರಗತಿಯಲ್ಲಿ ಮೂರು ತಿಂಗಳು ಅವರು ಕೊಟ್ಟ ಶೀಟ್ ನೋಡಿ ನಕಲು ಮಾಡಿದ್ದೇ ಆಯಿತು. ಕಮಾಂಡ್‌ಗಳು ಬಾಯಿಪಾಠ ಬಂದವು, ಒಂದು ಸೆಕ್ಷನ್ ಸ್ವಂತ ಬಿಡಿಸಲು ಬರಲಿಲ್ಲ. ಸಾಮಾನ್ಯ ಮನೆಯಲ್ಲಿ ಹುಟ್ಟಿದವರಿಗೆ ಆ ಫೀಸ್ ಸಣ್ಣ ಮೊತ್ತವಲ್ಲ. ಹಾಗಾಗಿ ದುಡ್ಡು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ನಾವೇ ಒಂದು ಕೋಣೆ ಅಳೆದು ಅದರ ಸೆಕ್ಷನ್ ಬಿಡಿಸುವ ಪಾಠ ಇದೆಯಾ? ಇಲ್ಲ ಅಂದರೆ ಬೇರೆ ಕಡೆ ನೋಡಿ.

ಸ್ಕೆಚ್‌ಅಪ್

ಇದು 2000ನೇ ಇಸವಿಯಲ್ಲಿ ಬಂತು. 2006ರಲ್ಲಿ ಗೂಗಲ್ ಕೊಂಡುಕೊಂಡಿತು, 2012ರಿಂದ ಟ್ರಿಂಬಲ್ ಕಂಪನಿಯ ಕೈಯಲ್ಲಿದೆ. ಬ್ರೌಸರ್‌ನಲ್ಲಿ ಓಡುವ ಉಚಿತ ರೂಪವೂ ಇದೆ, ಸ್ವಂತ ಕಲಿಕೆಗೆ ಸಾಕು. ಮಳೆಗಾಲದಲ್ಲಿ ನೆಟ್ ನಂಬಿಕೊಂಡು ಕೂರುವಂತಿಲ್ಲದ ಊರುಗಳಿಗೆ ಮಾತ್ರ ಅದು ಹಿಡಿಸಲಿಕ್ಕಿಲ್ಲ. ಹೊಸನಗರದ ಆಚೆ ಇರುವ ಒಬ್ಬ ಹುಡುಗಿ ಇದೇ ಕಾರಣಕ್ಕೆ ಮೂರು ತಿಂಗಳು ಕಾಗದದಲ್ಲೇ ಕಲಿತಳು. ಅವಳಿಗೆ ಅದರಿಂದ ಒಳ್ಳೆಯದೇ ಆಯಿತು.

ಇದರಲ್ಲಿ ಮನೆಯನ್ನು ಮೂರು ಆಯಾಮದಲ್ಲಿ ಕಟ್ಟುತ್ತೀರಿ. ಆಮೇಲೆ ಸೆಕ್ಷನ್ ಪ್ಲೇನ್ ಅನ್ನುವ ಚೌಕಟ್ಟನ್ನು ಇಟ್ಟು ಹಿಂದೆ ಮುಂದೆ ಎಳೆಯುತ್ತೀರಿ. ಹಲಸಿನ ಹಣ್ಣಿನ ಮೇಲೆ ಕತ್ತಿ ಓಡಿದ ಹಾಗೆ ಮನೆ ತೆರೆದುಕೊಳ್ಳುತ್ತಾ ಹೋಗುತ್ತದೆ. ಮೊದಲ ಸಲ ನೋಡಿದವರ ಮುಖದಲ್ಲಿ ಬೆಳಕು ಬರುತ್ತದೆ. ಆ ಮೆತ್ತಿನ ಕಪಾಟು ಇದರಲ್ಲಿ ಹೆಂಚು ತೂರಿ ಹೊರಗೆ ಬಂದದ್ದು ಆಗಲೇ ಕಾಣುತ್ತಿತ್ತು. ಮನೆಯವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯದು ಇಲ್ಲ. ಅಜ್ಜಿಯಂದಿರಿಗೂ ಅರ್ಥ ಆಗುತ್ತದೆ.

ಆದರೆ ನೀವು ಕಟ್ಟಿದ್ದನ್ನು ಮಾತ್ರ ಅದು ಕತ್ತರಿಸುತ್ತದೆ. ಹೊಸಬರು ಕಪಾಟನ್ನು ಒಂದು ಡಬ್ಬದ ಹಾಗೆ ಎಬ್ಬಿಸಿಬಿಡುತ್ತಾರೆ. ಕತ್ತರಿಸಿದರೆ ಒಳಗೆ ಖಾಲಿ. ಪ್ಲೈವುಡ್‌ನ ದಪ್ಪ ಇಲ್ಲ, ಹಿಂದಿನ ಹಲಗೆ ಇಲ್ಲ, ಗೋಡೆಗೂ ಒಂದೊಂದು ಸಲ ದಪ್ಪ ಇಲ್ಲ. ಕತ್ತರಿಸಿದ ಚಿತ್ರ ಸಿಕ್ಕಿದೆ, ಸೆಕ್ಷನ್ ಸಿಕ್ಕಿಲ್ಲ. ಎಲ್ಲಿ ಕತ್ತರಿಸಬೇಕು ಅಂತ ಯೋಚಿಸುವ ಅಭ್ಯಾಸವೂ ಬರುವುದಿಲ್ಲ, ಎಳೆದಲ್ಲೆಲ್ಲ ಕತ್ತರಿಸುತ್ತದಲ್ಲ. ಹಾಗಾಗಿ ಸ್ಕೆಚ್‌ಅಪ್ ಒಂದರಲ್ಲೇ ಸೆಕ್ಷನ್ ಕಲಿಯಿರಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಕಲಿತದ್ದನ್ನು ಪರೀಕ್ಷೆ ಮಾಡಲು ಮಾತ್ರ ಅದು ಬಹಳ ಒಳ್ಳೆಯದು.

ಯಾರೂ ಲೆಕ್ಕಕ್ಕೆ ಹಿಡಿಯದ ನಾಲ್ಕನೇ ದಾರಿ

ಮರಗೆಲಸದ ಶೆಡ್. ಒಳ್ಳೆಯ ಆಚಾರ್ರು ಕಪಾಟು ಶುರು ಮಾಡುವ ಮೊದಲು ಒಂದು ಪ್ಲೈವುಡ್ ತುಂಡಿನ ಮೇಲೆ ಅದನ್ನು ನಿಜವಾದ ಅಳತೆಯಲ್ಲೇ ಗೀಚಿಕೊಳ್ಳುತ್ತಾರೆ. ಅದು ಸೆಕ್ಷನ್ನೇ, ಅವರು ಆ ಹೆಸರು ಹೇಳುವುದಿಲ್ಲ ಅಷ್ಟೆ. ಒಂದು ವಾರ ಅಲ್ಲಿ ಕೂತರೆ ಸಿಗುವ ತಿಳಿವಳಿಕೆ ಬೇರೆಲ್ಲೂ ಸಿಗುವುದಿಲ್ಲ.

ಒಂದು ಡ್ರಾಯರ್ ತೆಗೆದುಕೊಳ್ಳಿ. ಕ್ಯಾಬಿನೆಟ್ ಹೊರಗಿನ ಅಗಲ 450 ಮಿ.ಮೀ. ಎರಡು ಬದಿ 18 ಮಿ.ಮೀ. ಪ್ಲೈ ಕಳೆದರೆ ಒಳಗೆ 414. ಡ್ರಾಯರ್ ಜಾರುವ ಟೆಲಿಸ್ಕೋಪಿಕ್ ಚಾನಲ್‌ಗೆ ಪ್ರತಿ ಬದಿಯಲ್ಲಿ ಸುಮಾರು 13 ಮಿ.ಮೀ. ಬೇಕು. ಡ್ರಾಯರ್ ಡಬ್ಬದ ಹೊರ ಅಗಲ 388 ಆಯಿತು. ಅದರ ಬದಿಯ ಹಲಗೆ ಕಳೆದರೆ ಒಳಗೆ ಇನ್ನೂ ಕಡಿಮೆ. 450ರ ಕ್ಯಾಬಿನೆಟ್‌ನಲ್ಲಿ 400ರ ತಟ್ಟೆ ಇಡಬಹುದು ಅಂದುಕೊಂಡವರಿಗೆ ಇಲ್ಲಿ ಗೊತ್ತಾಗುತ್ತದೆ, ಆಗುವುದಿಲ್ಲ ಅಂತ. ಈ ಲೆಕ್ಕ ಎಲಿವೇಶನ್‌ನಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಅಡುಗೆಮನೆಯ ಸೆಕ್ಷನ್ ಕಲಿಯಲೂ ಶೆಡ್ಡೇ ಒಳ್ಳೆಯದು. ಕೆಳಗೆ ಕಾಲು ಬೆರಳಿಗೆ ಬಿಡುವ ಜಾಗ 100 ಮಿ.ಮೀ., ಕಟ್ಟೆಯ ತಲೆ ಸಾಮಾನ್ಯವಾಗಿ 850, ಆಳ 600, ಅಲ್ಲಿಂದ 600 ಬಿಟ್ಟು ಮೇಲಿನ ಕಪಾಟು, ಅದರ ಆಳ 300ರಿಂದ 350. ಇವು ಪುಸ್ತಕದ ಅಳತೆ. ಅಡುಗೆ ಮಾಡುವ ಅಮ್ಮನನ್ನು ನಿಲ್ಲಿಸಿ ಮೊಣಕೈ ಎತ್ತರ ಅಳೆಯಿರಿ. ಕಟ್ಟೆ ಅದಕ್ಕಿಂತ 10 ಸೆಂ.ಮೀ. ಕೆಳಗೆ ಇದ್ದರೆ ಭುಜ ನೋಯುವುದಿಲ್ಲ. ಸೆಕ್ಷನ್‌ನಲ್ಲಿ ಅವರ ಆಕೃತಿಯನ್ನೂ ಬಿಡಿಸಿ. ಅಲಂಕಾರಕ್ಕಲ್ಲ, ಮೇಲಿನ ಕಪಾಟಿಗೆ ಅವರ ಕೈ ಎಟಕುತ್ತದೋ ಇಲ್ಲವೋ ನೋಡಲು.

ಯಾರಿಗೆ ಯಾವುದು?

ಈಗಷ್ಟೇ ಪಿಯುಸಿ ಮುಗಿಸಿ ಈ ಕೆಲಸಕ್ಕೆ ಬರುವವರು ನಾಲ್ಕು ವಾರ ಕೈಯಲ್ಲಿ ಬಿಡಿಸಿ. ಮೊದಲ ವಾರ ನಿಮ್ಮ ಮನೆ, ಎರಡನೇ ವಾರ ಅಡುಗೆಮನೆ ಒಂದೇ, ಮೂರನೇ ವಾರ ಮೆಟ್ಟಿಲು. ನಾಲ್ಕನೇ ವಾರ ಶಿವಮೊಗ್ಗದ ಶಿವಪ್ಪನಾಯಕನ ಅರಮನೆಗೆ ಹೋಗಿ ಕೂತುಕೊಳ್ಳಿ. ದಪ್ಪ ಮರದ ಕಂಬಗಳ ಎತ್ತರದ ದರ್ಬಾರು, ಪಕ್ಕದಲ್ಲಿ ಮೇಲಿನ ಮಟ್ಟದ ಕೋಣೆಗಳು, ಅಲ್ಲಿಂದ ದರ್ಬಾರನ್ನು ಇಣುಕಿ ನೋಡುವ ಉಪ್ಪರಿಗೆ. ಟೇಪ್ ಬೇಡ. ಕಂಬದ ಪಕ್ಕ ಒಬ್ಬರನ್ನು ನಿಲ್ಲಿಸಿ ಅವರ ಎತ್ತರದ ಲೆಕ್ಕದಲ್ಲಿ ಅಂದಾಜು ಮಾಡಿ ಅಡ್ಡ ಸೆಕ್ಷನ್ ಬಿಡಿಸಿ. ಒಂದೇ ಕಟ್ಟಡದಲ್ಲಿ ಎರಡು ಎತ್ತರ ಹೇಗೆ ಜೊತೆಯಾಗುತ್ತದೆ ಅನ್ನುವುದು ಅಲ್ಲಿ ಕಣ್ಣಿಗೇ ಕಾಣುತ್ತದೆ. ಅದಾದ ಮೇಲೆ ಕ್ಯಾಡ್‌ಗೆ ಹೋಗಿ. ಆ ನಾಲ್ಕು ಸೆಕ್ಷನ್‌ಗಳನ್ನೇ ಮತ್ತೆ ಅದರಲ್ಲಿ ಬಿಡಿಸಿ.

ಮೆಟ್ಟಿಲಿನ ವಾರವನ್ನು ಬಿಡಬೇಡಿ. ಮೆತ್ತಿಗೆ ಹತ್ತುವ ಕಡಿದಾದ ಮರದ ಏಣಿ ತೆಗೆದು ಮೆಟ್ಟಿಲು ಮಾಡಿಕೊಡಿ ಅಂತ ನಮ್ಮ ಕಡೆ ಎಲ್ಲರೂ ಕೇಳುತ್ತಾರೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಮನೆಯ ಮೆಟ್ಟಿಲಿನ ಎತ್ತರ 190 ಮಿ.ಮೀ. ಮೀರಬಾರದು, ತುಳಿಯುವ ಜಾಗ 250ಕ್ಕಿಂತ ಕಡಿಮೆ ಇರಬಾರದು. 2.7 ಮೀಟರ್ ಹತ್ತಬೇಕಾದರೆ 180ರ ಹದಿನೈದು ಏರು, ಹದಿನಾಲ್ಕು ತುಳಿ. ನೇರವಾಗಿ ಹತ್ತಿದರೆ 3.5 ಮೀಟರ್ ಉದ್ದ ಬೇಕು. ಏಣಿ ನಿಂತ ಜಾಗ ಅದರ ಅರ್ಧವೂ ಇರುವುದಿಲ್ಲ. ಮೇಲೆ ಜಂತೆಗೆ ತಲೆ ತಾಗುತ್ತದಾ ಅನ್ನುವುದು ಇನ್ನೊಂದು. ಇದನ್ನು ಸೆಕ್ಷನ್ ಇಲ್ಲದೆ ಹೇಳುವವರ ಮಾತು ನಂಬಬೇಡಿ.

ಮರಗೆಲಸದ ಮನೆಯಿಂದ ಬಂದವರಿಗೆ ದಾರಿ ಬೇರೆ. ನಿಮಗೆ ದಪ್ಪ, ಸಂದು, ಜೋಡಣೆ ಆಗಲೇ ಗೊತ್ತು. ನೇರವಾಗಿ ಸ್ಕೆಚ್‌ಅಪ್‌ಗೆ ಹೋಗಿ. ಪ್ರತಿ ಹಲಗೆಯನ್ನೂ ಬೇರೆ ಬೇರೆಯಾಗಿ, ನಿಜವಾದ ದಪ್ಪದಲ್ಲಿ ಕಟ್ಟಿ. ನೀವು ಕತ್ತರಿಸಿದ್ದು ನಿಜವಾದ ಸೆಕ್ಷನ್ ಆಗಿರುತ್ತದೆ. ಸಾಗರದಂಥ ಕೆತ್ತನೆಯ ಊರಿನ ಹುಡುಗರು ಇದರಲ್ಲಿ ಡಿಪ್ಲೊಮಾ ಮಾಡಿದವರಿಗಿಂತ ಮುಂದೆ ಹೋಗಿದ್ದನ್ನು ನಾನೇ ನೋಡಿದ್ದೇನೆ.

ಈಗಾಗಲೇ ಕ್ಯಾಡ್‌ನಲ್ಲಿ ಕೆಲಸ ಮಾಡುತ್ತಿದ್ದು ಸೆಕ್ಷನ್ ಅಂದರೆ ಅಳುಕುವವರು ಕಾಗದಕ್ಕೆ ವಾಪಸ್ ಬನ್ನಿ. ದಿನಕ್ಕೆ ಅರ್ಧ ಗಂಟೆ ಸಾಕು. ಕೂತಿರುವ ಕೋಣೆಯ ಒಂದು ಗೋಡೆಯನ್ನು ನೆಲದಿಂದ ಮಾಡಿನ ತನಕ ಕತ್ತರಿಸಿ ಬಿಡಿಸಿ.

ಸ್ವಂತ ಮನೆ ಸರಿ ಮಾಡಿಸಿಕೊಳ್ಳುವವರಿಗೆ ಸಾಫ್ಟ್‌ವೇರ್ ಏನೂ ಬೇಡ. ಚೌಕುಳಿ ಹಾಳೆಯ ಮೇಲೆ 1:20ರಲ್ಲಿ ಒಂದೇ ಒಂದು ಸೆಕ್ಷನ್ ಬಿಡಿಸಿ ಆಚಾರ್ರ ಕೈಗೆ ಕೊಡಿ. ಅವರು ರೇಟ್ ಹೇಳುವುದೂ ಅದರಿಂದ ಸುಲಭ ಆಗುತ್ತದೆ.

ಆ ಮೆತ್ತಿನ ಕೋಣೆಯ ಸೆಕ್ಷನ್ ಅನ್ನು ಅವತ್ತು ಸಂಜೆ ಅಲ್ಲೇ, ಜಗಲಿ ಮೇಲೆ ಕೂತು ಬಿಡಿಸಿದೆ. ಆಚಾರ್ರು ಪಕ್ಕದಲ್ಲಿ ಕೂತು ಅಳತೆ ಹೇಳುತ್ತಾ ಹೋದರು. ಇಳಿಜಾರಿನ ಕಡೆ ನಾಲ್ಕಡಿ ಎತ್ತರದ ಕಪಾಟು ಉದ್ದಕ್ಕೂ ಬಂತು, ಅದರಲ್ಲಿ ಮಗಳ ಪುಸ್ತಕ, ಬೆಡ್‌ಶೀಟ್. ಏಳಡಿಯದು ನೆತ್ತಿಯ ಕೆಳಗಿನ ಗೋಡೆಗೆ ಹೋಯಿತು. ಕೆಲಸ ಮುಗಿಯುವ ತನಕ ಆ ಹಾಳೆಯನ್ನು ಅವರು ಪಕಾಸಿಗೆ ಮೊಳೆ ಹೊಡೆದು ಸಿಕ್ಕಿಸಿಕೊಂಡಿದ್ದರು.